ಮಿಸಿಸಿಪ್ಪಿಯ ಬಾಯಿ ಜೋರು!

ಅಂಚೆ ಕಚೇರಿಯಲ್ಲೇ ಬಿಡಾರ ಹೂಡಿದ ಪೋಸ್ಟ್‌ಮಾಸ್ಟರಮ್ಮನ ಕತೆ ಗೊತ್ತೇ ನಿಮಗೆ? ಗೊತ್ತಿಲ್ಲವಾದರೆ ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು! ಯೂಡೋರಾ ವೆಲ್ಟಿ ಬರೆದ ‘ವೈ ಐ ಲಿವ್ ಅಟ್ ದ ಪಿ.ಓ.’ ಕತೆಯನ್ನು ಮೊದಲ ಸಲ ಓದುವ ಸುಖ ನಿಮಗಿನ್ನೂ ಬಾಕಿ ಇದೆ. 1941ರ ಕತೆ. ಅಮೆರಿಕದ ದಕ್ಷಿಣದಲ್ಲಿರುವ ಮಿಸಿಸಿಪ್ಪಿ ರಾಜ್ಯ, ಚೈನಾ ಗ್ರೋವ್ ಎಂಬ ಪುಟ್ಟ ಊರು, ಜುಲೈ 4ರ ಸ್ವಾತಂತ್ರ್ಯ ದಿನ. ಗಂಡನನ್ನು ಬಿಟ್ಟು ತಂಗಿ ಸ್ಟೆಲ್ಲಾ-ರಾಂಡೋ ತವರಿಗೆ ಬಂದಿಳಿದಿದ್ದಾಳೆ. ಕಂಕುಳಲ್ಲಿ ಎರಡು ವರ್ಷದ ಮಗು. ಅದು ದತ್ತು ಮಗುವಂತೆ! ಆ ಗಂಡನೋ, ಮೊದಲು ಅಕ್ಕನ ಜೊತೆ ಓಡಾಡಿಕೊಂಡಿದ್ದವನು. ಕಿಡಿ ಹತ್ತಲು ಇನ್ನೇನು ಬೇಕು?

ಕತೆ ಹೇಳುವವಳು ಅಕ್ಕ, ಅವಳೇ ಪೋಸ್ಟ್‌ಮಾಸ್ಟರಮ್ಮ. ಬಾಯಿ ತೆರೆದಳೆಂದರೆ ನಿಲ್ಲಿಸುವ ಮಾತೇ ಇಲ್ಲ. ಅಜ್ಜ ಗಡ್ಡ ತೆಗೆದರೆ ಈ ಮಗುವಿನ ಮುಖ ಥೇಟ್ ಅವನದೇ ಎಂದಷ್ಟೇ ಅವಳು ಅಂದದ್ದು. ಅದು ತಂಗಿಯ ಬಾಯಿಂದ ಅಜ್ಜನ ಕಿವಿಗೆ ಬೀಳುವಾಗ ಏನಾಗಿರುತ್ತದೆ ನೋಡಿ: ಅಜ್ಜ ಗಡ್ಡವನ್ನು ಯಾಕಾದರೂ ತೆಗೆಸುವುದಿಲ್ಲವೋ ಎಂದು ಅಕ್ಕ ಕೇಳುತ್ತಿದ್ದಾಳೆ! ಹದಿನೈದನೇ ವಯಸ್ಸಿನಿಂದ ಕತ್ತರಿ ಕಾಣದ ಗಡ್ಡ ಅದು. ಮುದುಕ ಕೆಂಡಾಮಂಡಲ. ತಂಗಿಯ ಕಿಮೋನೋ ತೊಟ್ಟು ಮನೆಯೆಲ್ಲ ಸುತ್ತುವ ರಾಂಡೋ ಮಾವನೂ ತಿರುಗಿಬೀಳುತ್ತಾನೆ, ಬೆಳಗಿನ ಆರೂವರೆಗೆ ಅಕ್ಕನ ಕೋಣೆಯೊಳಕ್ಕೆ ಪಟಾಕಿ ಸರ ಎಸೆಯುತ್ತಾನೆ. ಇನ್ನು ತಡೆಯುವುದುಂಟೇ? ಓಡುತ್ತಿದ್ದ ಫ್ಯಾನಿನ ಪ್ಲಗ್ ಕಿತ್ತಳು. ರೇಡಿಯೋ, ಹೊಲಿಗೆ ಯಂತ್ರದ ಮೋಟಾರು, ಥರ್ಮಾಮೀಟರು, ಉಕುಲೇಲೆ ಎಲ್ಲವನ್ನೂ ಬಾಚಿಕೊಂಡು ಅಂಚೆ ಕಚೇರಿಗೆ ಹೊರಟೇಬಿಟ್ಟಳು.

ಇಷ್ಟೂ ಅವಳ ಮಾತಿನಲ್ಲೇ. ವೆಲ್ಟಿ ಎಲ್ಲೂ ನಡುವೆ ಬಾಯಿ ಹಾಕುವುದಿಲ್ಲ. ತಾನು ಇಲ್ಲಿ ಸುಖವಾಗಿದ್ದೇನೆ ಎಂದು ಆಕೆ ಒತ್ತಿ ಹೇಳಿದಷ್ಟೂ ನಮಗೆ ಅನುಮಾನ. ತಪ್ಪೆಲ್ಲ ಉಳಿದವರದು ಎಂದು ಸಾಕ್ಷಿ ಒದಗಿಸುತ್ತ ಹೋದಂತೆ ನಮಗೆ ಕಾಣುವುದು ಅವಳದೇ ಹಟ, ಅವಳದೇ ಒಂಟಿತನ. ಹೇಳುವವಳಿಗೆ ಗೊತ್ತಾಗದ್ದು ಕೇಳುವವರಿಗೆ ಗೊತ್ತಾಗಿಬಿಡುತ್ತದೆ! ದಕ್ಷಿಣದ ಕತೆಗಳು ನನ್ನನ್ನು ಮರುಳು ಮಾಡಿರುವುದು ಈ ಮೋಡಿಯಿಂದಲೇ. (ನಡುವೆ ಇದೊಂದು ಕೇಳಿ. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀವ್ ಡಾರ್ನರ್ ಇಮೇಲ್ ತಂತ್ರಾಂಶವೊಂದನ್ನು ಬರೆದು ಅದಕ್ಕೆ ‘ಯೂಡೋರಾ’ ಎಂದು ಹೆಸರಿಟ್ಟ. ಹಗಲೂ ರಾತ್ರಿ ಇಮೇಲ್‌ನಲ್ಲೇ ಮುಳುಗಿದ್ದವನಿಗೆ ನೆನಪಾದದ್ದು ಈ ಅಂಚೆ ಕಚೇರಿಯ ಕತೆ!)

ದಕ್ಷಿಣದ ಈ ಬಾಯಿಗಳೆಲ್ಲ ಎಲ್ಲಿ ಪಳಗಿದವು? ಜಗಲಿಯಲ್ಲಿ. ಮನೆಯ ಒಳಗೆ ಸೆಕೆ, ಹೊರಗೆ ಮಾತು. ಫ್ಲಾರಿಡಾದಲ್ಲಿ ಕರಿಯರೇ ಕಟ್ಟಿ ಆಳಿಕೊಂಡ ಈಟನ್‌ವಿಲ್ ಎಂಬ ಊರಿನಲ್ಲಿ ಬೆಳೆದ ಜೋರಾ ನೀಲ್ ಹರ್ಸ್ಟನ್, ಅಂಗಡಿ ಜಗಲಿಯ ಹರಟೆ ಕೇಳುತ್ತಲೇ ದೊಡ್ಡವಳಾದಳು. ಮುಂದೆ ಮಾನವಶಾಸ್ತ್ರ ಓದಿ, ಅದೇ ಜಗಲಿಗೆ ವಾಪಸು ಬಂದು ಕತೆಗಳನ್ನು ಬರೆದುಕೊಂಡಳು. 1937ರ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಕಾದಂಬರಿಯನ್ನು ಹೈಟಿಯಲ್ಲಿ ಕೂತು ಏಳೇ ವಾರದಲ್ಲಿ ಮುಗಿಸಿದಳು. ಊರವರ ಬಾಯಿಗೆ ಆಹಾರವಾಗುತ್ತ ಅದರ ನಾಯಕಿ ಜೇನಿ ಮನೆಗೆ ಮರಳುತ್ತಾಳೆ. ದಣಿದ ಕಾಲು ತೊಳೆದುಕೊಳ್ಳುತ್ತಾಳೆ, ಗೆಳತಿ ಫೀಬಿ ತಂದ ಅನ್ನ ತಿನ್ನುತ್ತಾಳೆ, ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ತನ್ನ ಬಾಳನ್ನು ಬಿಚ್ಚಿಡುತ್ತಾಳೆ. ಅಷ್ಟು ಹೊತ್ತೂ ನಾವು ಫೀಬಿಯ ಪಕ್ಕದಲ್ಲೇ!

ಕಾದಂಬರಿಕಾರ ಫಾಕ್ನರ್ ಈ ಜಗಲಿ ಮಾತನ್ನು ಎಲ್ಲಿಗೋ ಒಯ್ದುಬಿಟ್ಟ. ‘ಆ್ಯಸ್ ಐ ಲೇ ಡೈಯಿಂಗ್’ (1930) ಕಾದಂಬರಿಯಲ್ಲಿ ಹದಿನೈದು ಜನ ಸರದಿಯಲ್ಲಿ ಮಾತಾಡುತ್ತಾರೆ, ಶವಪೆಟ್ಟಿಗೆಯಲ್ಲಿರುವ ತಾಯಿಗೂ ಒಂದು ಅಧ್ಯಾಯ. ನನಗೋ ಚಾರ್ಲ್ಸ್ ಪೋರ್ಟಿಸ್ ಮೇಲೆ ಹೆಚ್ಚು ಪ್ರೀತಿ. ಅವನ ‘ಟ್ರೂ ಗ್ರಿಟ್’ (1968) ಹೇಳುವ ಮ್ಯಾಟಿ ರಾಸ್, ಅಪ್ಪನ ಕೊಲೆಗಾರನನ್ನು ಹಿಡಿಯಲು ಹೊರಟ ಹದಿನಾಲ್ಕರ ಹುಡುಗಿ. ಅಪ್ಪ ಕೊಂಡಿದ್ದ ಪೋನಿ ಕುದುರೆಗಳನ್ನು ವ್ಯಾಪಾರಿಯ ತಲೆಗೇ ವಾಪಸು ಕಟ್ಟಿ, ಅವನು ಸುಸ್ತಾಗುವವರೆಗೆ ಚೌಕಾಸಿ ಮಾಡುತ್ತಾಳೆ. ಇಡೀ ಕತೆ ಅವಳು ಮುದುಕಿಯಾದ ಮೇಲೆ ಹೇಳುತ್ತಿರುವುದು. ಅಷ್ಟು ವರ್ಷ ಕಳೆದರೂ ಒಂದೊಂದು ಡಾಲರಿನ ಲೆಕ್ಕವೂ ಬಾಯಲ್ಲೇ ಇದೆ!

ಇಲ್ಲಿಯವರೆಗೂ ನಗು. ಈಗ ಮತ್ತೆ ವೆಲ್ಟಿಯ ಬಳಿ ಬನ್ನಿ, ಉಸಿರು ಬಿಗಿಹಿಡಿದು.

1963ರ ಜೂನ್ 12. ವೆಲ್ಟಿಯ ಊರಾದ ಜಾಕ್ಸನ್‌ನಲ್ಲೇ, ಕರಿಯರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್‌ನನ್ನು ನಡುರಾತ್ರಿ ಕಳೆದ ಹೊತ್ತಿನಲ್ಲಿ, ಅವನ ಮನೆ ಮುಂದೆಯೇ, ಬೆನ್ನಿಗೆ ಗುಂಡಿಟ್ಟು ಕೊಂದರು. ಕೊಂದವನಾರೋ ಆಗಿನ್ನೂ ಗೊತ್ತಿರಲಿಲ್ಲ. ಸುದ್ದಿ ಕೇಳಿದ ವೆಲ್ಟಿ ಒಂದೇ ಪಟ್ಟಿಗೆ ಕೂತು ಕತೆ ಬರೆದಳು. ಹೇಳುವವನು ಯಾರು ಗೊತ್ತೇ? ಕೊಲೆಗಾರ! ಹೆಸರು ತಿಳಿಯದಿದ್ದರೇನು, ತನ್ನ ಮಣ್ಣಿನಲ್ಲಿ ಅಂಥವನು ಹೇಗೆ ಬೆಳೆಯುತ್ತಾನೆ, ಹೇಗೆ ಮಾತಾಡುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಅವನು ಭಾವಮೈದುನನ ಟ್ರಕ್ ಎರವಲು ತರುತ್ತಾನೆ, ಕಾಯುತ್ತಾನೆ, ಗುಂಡು ಹಾರಿಸುತ್ತಾನೆ. ಬಂದೂಕು ಎಲ್ಲಿ ಎಂದು ಹೆಂಡತಿ ಕೇಳಿದರೆ, ಅದು ಸುಡುತ್ತಿತ್ತೆಂಬ ಸಬೂಬು. ಅದೇ ಗೊಣಗಾಟ, ನ್ಯಾಯವೆಲ್ಲ ತನ್ನ ಕಡೆಗಿದೆ ಎಂಬ ಅದೇ ಹಟ! ಪೋಸ್ಟ್‌ಮಾಸ್ಟರಮ್ಮನ ಬಾಯಲ್ಲಿ ನಗಿಸಿದ ಉಪಾಯವೇ ಇಲ್ಲಿ ಮೈ ನಡುಗಿಸುತ್ತದೆ. ಇವನೂ ತನಗರಿವಿಲ್ಲದೆ ತನ್ನನ್ನೇ ಬಯಲು ಮಾಡಿಕೊಳ್ಳುತ್ತಾನೆ.

‘ವೇರ್ ಈಸ್ ದ ವಾಯ್ಸ್ ಕಮಿಂಗ್ ಫ್ರಮ್?’ ಎಂಬ ಈ ಕತೆ ಜುಲೈ 6ರ ‘ದಿ ನ್ಯೂಯಾರ್ಕರ್’ನಲ್ಲಿ ಬಂತು. ಅಷ್ಟರಲ್ಲಿ ಆರೋಪಿಯೊಬ್ಬನ ಬಂಧನವಾಗಿತ್ತು. ಕಲ್ಪಿಸಿ ಬರೆದ ವಿವರಗಳು ನಿಜಕ್ಕೆ ಎಷ್ಟು ಹತ್ತಿರವಿದ್ದವೆಂದರೆ, ಅಚ್ಚಿಗೆ ಹೋಗುವ ಮೊದಲು ಕೆಲವನ್ನು ಬದಲಿಸಲೇಬೇಕಾಯಿತು! ಆರೋಪಿ ಬೈರನ್ ಡಿ ಲಾ ಬೆಕ್‌ವಿತ್‌ನ ವಿಚಾರಣೆ 1964ರಲ್ಲಿ ಎರಡು ಸಲ ನಡೆದರೂ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ. ಅವನು ಅಪರಾಧಿಯೆಂದು ತೀರ್ಪು ಬಂದದ್ದು 1994ರಲ್ಲಿ, ಅದೂ ಜಾಕ್ಸನ್‌ನಲ್ಲೇ. ವೆಲ್ಟಿಗೆ ಆಗ 84 ವರ್ಷ; ಅದೇ ಊರಿನಲ್ಲೇ ಇದ್ದಳು.