ಸ್ಮೃತಿಯಿಂದ ಮನೋಚಿಕಿತ್ಸೆಗೆ: ಒಂದು ಬೌದ್ಧ ಪರಿಭಾಷೆಯ ಅರ್ಥಸಂಚಾರ

ಬೌದ್ಧ ಧ್ಯಾನಪದ್ಧತಿಯು ಆಧುನಿಕ ಮನೋಚಿಕಿತ್ಸೆಯೊಡನೆ ಕೂಡಿಕೊಂಡಿರುವುದು ಕಳೆದ ನಾಲ್ಕೂವರೆ ದಶಕಗಳ ಮಹತ್ವದ ಬೆಳವಣಿಗೆ. ಇದರ ಕೇಂದ್ರದಲ್ಲಿರುವುದು ಪಾಳಿಯ ‘ಸತಿ’ ಎಂಬ ಪರಿಕಲ್ಪನೆ. ಇಂಗ್ಲಿಷಿನ ‘ಮೈಂಡ್‌ಫುಲ್‌ನೆಸ್’ ಆಗಿ ಆಸ್ಪತ್ರೆಯನ್ನು ಪ್ರವೇಶಿಸಿದ ಅದು ಈಗ ಕನ್ನಡದ ಆರೋಗ್ಯ ಬರಹಗಳಿಗೂ ಬಂದಿದೆ. ಈ ಸಂಚಾರದಲ್ಲಿ ಪದವು ಉಳಿಸಿಕೊಂಡದ್ದೇನು, ಕಳಚಿಕೊಂಡದ್ದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಾಳಿಯ ‘ಸತಿ’ ಸಂಸ್ಕೃತದ ‘ಸ್ಮೃತಿ’ಗೆ ಸಂವಾದಿಯಾದ ರೂಪ, ಪತ್ನಿ ಎಂಬರ್ಥದ ‘ಸತಿ’ಗೂ ಇದಕ್ಕೂ ಸಂಬಂಧವಿಲ್ಲ. ಇದರ ಮೂಲಾರ್ಥ ನೆನಪು. ಮಜ್ಝಿಮನಿಕಾಯದ ಸತಿಪಟ್ಠಾನ ಸುತ್ತವು ಕಾಯ, ವೇದನಾ, ಚಿತ್ತ, ಧಮ್ಮ ಎಂಬ ನಾಲ್ಕು ನೆಲೆಗಳಲ್ಲಿ ಸತಿಯನ್ನು ಸ್ಥಾಪಿಸುವ ಕ್ರಮವನ್ನು ನಿರೂಪಿಸುತ್ತದೆ. ಮಿಲಿಂದಪಞ್ಹದಲ್ಲಿ ನಾಗಸೇನನು ಸತಿಯನ್ನು ಅರಸನಿಗೆ ಅವನ ಸಂಪತ್ತನ್ನು ನೆನಪಿಸುವ ಭಂಡಾರಿಗೆ ಹೋಲಿಸುತ್ತಾನೆ. ಒಳಿತು ಕೆಡುಕುಗಳನ್ನು ನೆನಪಿಗೆ ತಂದು, ಒಳಿತನ್ನು ಕೈಗೊಳ್ಳುವಂತೆ ಮಾಡುವುದು ಅದರ ಕಾರ್ಯ. ಹೀಗಾಗಿ ಸತಿಯು ಬರಿಯ ಗಮನವಲ್ಲ, ನೈತಿಕ ವಿವೇಕವನ್ನೂ ಒಳಗೊಂಡ ಗಮನ.

೧೮೮೧ರಲ್ಲಿ ಟಿ. ಡಬ್ಲ್ಯು. ರೀಸ್ ಡೇವಿಡ್ಸ್ ತಮ್ಮ ಅನುವಾದದಲ್ಲಿ ಇದಕ್ಕೆ ‘ಮೈಂಡ್‌ಫುಲ್‌ನೆಸ್’ ಎಂಬ ಪದವನ್ನು ಬಳಸಿದರು. ೧೯೭೯ರಲ್ಲಿ ಜಾನ್ ಕಬಾಟ್-ಜಿನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರನ್ನೂ ಒಳಗೊಂಡಂತೆ ರೋಗಿಗಳಿಗಾಗಿ ಧ್ಯಾನಾಧಾರಿತ ಕಾರ್ಯಕ್ರಮವನ್ನು ಆರಂಭಿಸಿದರು. ಇಲ್ಲಿ ಮೈಂಡ್‌ಫುಲ್‌ನೆಸ್ ಎಂದರೆ ವರ್ತಮಾನದ ಅನುಭವವನ್ನು ಒಳಿತು ಕೆಡುಕೆಂದು ತೀರ್ಪು ನೀಡದೆ ಉದ್ದೇಶಪೂರ್ವಕವಾಗಿ ಗಮನಿಸುವುದು. ಭಂಡಾರಿಯ ವಿವೇಚನೆ ಇಲ್ಲಿ ಹಿಂದೆ ಸರಿದಿರುವುದು ಸ್ಪಷ್ಟ.

ಆದರೆ ಇದನ್ನು ಕೇವಲ ನಷ್ಟವೆಂದು ಭಾವಿಸಲಾಗದು. ಸೀಗಲ್, ವಿಲಿಯಮ್ಸ್ ಮತ್ತು ಟೀಸ್‌ಡೇಲ್ ಅವರು ಮರುಕಳಿಸುವ ಖಿನ್ನತೆಗಾಗಿ ಎಂಟು ವಾರಗಳ ಚಿಕಿತ್ಸಾಕ್ರಮವೊಂದನ್ನು ರೂಪಿಸಿದರು. ಖಿನ್ನತೆಯಿಂದ ಚೇತರಿಸಿಕೊಂಡವರಲ್ಲಿ ಸಣ್ಣ ದುಃಖವೂ ‘ನಾನು ಅಪ್ರಯೋಜಕ’ ಎಂಬ ಹಳೆಯ ಆಲೋಚನಾಸರಣಿಯನ್ನು ಎಬ್ಬಿಸಬಲ್ಲದು ಎಂಬುದು ಅವರ ಪ್ರಮೇಯ. ಆಲೋಚನೆಯನ್ನು ಸತ್ಯವೆಂದಲ್ಲ, ಬಂದುಹೋಗುವ ಮನೋವ್ಯಾಪಾರವೆಂದು ಕಾಣಲು ಈ ಕ್ರಮ ಕಲಿಸುತ್ತದೆ. ತನ್ನನ್ನೇ ಸದಾ ತಪ್ಪಿತಸ್ಥನನ್ನಾಗಿ ನಿಲ್ಲಿಸಿಕೊಳ್ಳುವ ರೋಗಿಗೆ ತೀರ್ಪಿನಿಂದ ಬಿಡುವು ದೊರೆಯುವುದೇ ಚಿಕಿತ್ಸೆ. ಸಂಯುತ್ತನಿಕಾಯದ ಸಲ್ಲತ್ತ ಸುತ್ತದ ದೃಷ್ಟಾಂತವೂ ಇದಕ್ಕೆ ಸಮೀಪವಾದುದು: ಮೊದಲ ಬಾಣ ದೇಹದ ನೋವು, ಎರಡನೆಯದು ಆ ನೋವನ್ನು ಕುರಿತ ಮನಸ್ಸಿನ ಗೋಳು.

ಈ ಚಿಕಿತ್ಸೆಯ ಮಿತಿಯನ್ನೂ ಗಮನಿಸಬೇಕು. ೨೦೦೦ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾದವರ ಪೈಕಿ ಈ ಕ್ರಮವನ್ನು ಅನುಸರಿಸಿದವರಲ್ಲಿ ಶೇ. ೩೭ರಷ್ಟು, ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ. ೬೬ರಷ್ಟು ಜನರಿಗೆ ರೋಗ ಮರುಕಳಿಸಿತು. ಎರಡು ಬಾರಿ ಮಾತ್ರ ಒಳಗಾದವರಲ್ಲಿ ಈ ಪ್ರಯೋಜನ ಕಾಣಲಿಲ್ಲ. ೨೦೧೫ರ ಬ್ರಿಟನ್ನಿನ ಅಧ್ಯಯನವು ಇದನ್ನು ಔಷಧವನ್ನು ಮುಂದುವರಿಸುವುದಕ್ಕಿಂತ ಮೇಲೆಂದು ಸಾಧಿಸಲಿಲ್ಲ.

ಈ ಹಿನ್ನೆಲೆಯಲ್ಲಿ ಕನ್ನಡದ ಪರಿಭಾಷೆಯ ಪ್ರಶ್ನೆ ಕೇವಲ ನಿಘಂಟಿನದಲ್ಲ. ‘ಸ್ಮೃತಿ’ ನಮ್ಮಲ್ಲಿ ಧರ್ಮಶಾಸ್ತ್ರವನ್ನು ನೆನಪಿಸುತ್ತದೆ. ‘ಸಾವಧಾನ’ವು ಆಡುಮಾತಿನಲ್ಲಿ ನಿಧಾನಕ್ಕೆ ಹತ್ತಿರವಾಗಿದೆ. ‘ಅರಿವು’ ವಚನಪರಂಪರೆಯಲ್ಲಿ ಗುರುವಿನ ಸ್ಥಾನವನ್ನು ಪಡೆದ ಪದ. ಆದರೆ ರೋಗಿಗೆ ‘ನಿನ್ನಲ್ಲಿ ಅರಿವು ಬೆಳೆಯಬೇಕು’ ಎಂದರೆ, ತನ್ನ ಕಾಯಿಲೆಗೆ ತನ್ನ ಅರಿವುಗೇಡಿತನವೇ ಕಾರಣವೆಂದು ಆತ ಭಾವಿಸಬಹುದು. ಅದು ನಾವೇ ಬಿಟ್ಟ ಎರಡನೆಯ ಬಾಣವಾದೀತು. ‘ಎಚ್ಚರ’ದಲ್ಲಿ ಗಮನ, ಜಾಗೃತಿ, ಮರೆಯದಿರುವಿಕೆ ಮೂರೂ ಇವೆ, ದೂಷಣೆಯ ಧ್ವನಿ ಕಡಿಮೆ. ಆದ್ದರಿಂದ ಅದೇ ಹೆಚ್ಚು ಸೂಕ್ತವೆಂದು ತೋರುತ್ತದೆ.

ಪಾಳಿಯ ಸತಿ ದುಃಖದಿಂದ ವಿಮುಕ್ತಿಯನ್ನು ಉದ್ದೇಶಿಸಿದರೆ, ಚಿಕಿತ್ಸಾಲಯದ ಎಚ್ಚರ ರೋಗದ ಉಪಶಮನವನ್ನು ಉದ್ದೇಶಿಸುತ್ತದೆ. ಒಂದನ್ನು ಇನ್ನೊಂದೆಂದು ಹೇಳದೆ ಎರಡರ ನಂಟನ್ನು ತೋರಿಸಬಲ್ಲ ಭಾಷೆಯನ್ನು ರೂಪಿಸುವುದು ಕನ್ನಡ ವಿದ್ವಾಂಸರ ಹೊಣೆಯೂ ಆಗಿದೆ.