ಹಬ್ಬದ ಪ್ರಸಾದದಲ್ಲಿ ಮಿತ: ಬಡಿಸುವವರ ಹೊಣೆ

ಶ್ರಾವಣ ಸೋಮವಾರ, ನಾಗರಪಂಚಮಿ, ಗಣೇಶ ಚೌತಿ, ನವರಾತ್ರಿ, ದೀಪಾವಳಿ ಎಂದು ಮಳೆಗಾಲದ ನಡುವಿನಿಂದ ಕಾರ್ತಿಕದವರೆಗೆ ಹಬ್ಬಗಳು ಒಂದರ ಹಿಂದೊಂದು ಬರುತ್ತವೆ. ಆರೋಗ್ಯವಂತರು ಹಬ್ಬದ ದಿನ ಒಂದು ಹೋಳಿಗೆ ಉಂಡರೆ ಕೇಡಿಲ್ಲ. ಆದರೆ ಹಬ್ಬಕ್ಕೆ ಕರಿದದ್ದು ಡಬ್ಬಿ ತುಂಬಿ ಉಳಿದು ನಿತ್ಯದ ತಿಂಡಿಯಾಗುತ್ತದೆ. ಅದು ಮುಗಿಯುವ ಮೊದಲೇ ಮುಂದಿನ ಹಬ್ಬಕ್ಕೆ ಬಾಣಲೆ ಒಲೆಗೇರುತ್ತದೆ. ತೊಂದರೆಯ ಮೂಲ ಇಲ್ಲಿದೆ.

ನಮ್ಮಲ್ಲಿ ಊಟವೆಂದರೆ ಪ್ರಸಾದ. ಪ್ರಸಾದವನ್ನು ಎಲೆಯಲ್ಲಿ ಬಿಟ್ಟು ಏಳಬಾರದೆಂಬುದು ಹಿರಿಯರು ಪಾಲಿಸಿಕೊಂಡು ಬಂದ ನಿಯಮ. ಈ ನಿಯಮದ ಇನ್ನೊಂದು ಮುಖವನ್ನು ನಾವು ಮರೆಯುತ್ತಿದ್ದೇವೆ. ಉಣ್ಣುವವರು ಬಿಡುವಂತಿಲ್ಲ ಎಂದಾದರೆ, ಬಡಿಸುವವರು ಕೇಳದೆ ಬಡಿಸುವಂತಿಲ್ಲ. ಸಕ್ಕರೆ ಕಾಯಿಲೆಯಿರುವ ಹಿರಿಯರು ಬೇಡವೆಂದು ಕೈ ಅಡ್ಡ ಹಿಡಿದಾಗಲೂ “ಹಬ್ಬದ ದಿನ ಒಂದಾದರೂ ತೆಗೆದುಕೊಳ್ಳಿ” ಎಂದು ಎಲೆಗೆ ಹಾಕುತ್ತೇವೆ. ಅವರು ಬಿಡಲಾರದೆ ಉಣ್ಣುತ್ತಾರೆ. ನಮ್ಮ ಪ್ರೀತಿ ಅವರಿಗೆ ಪೆಟ್ಟಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದು ಅಂದಾಜಿಸಿದೆ. ಪ್ರತಿ ಪಂಕ್ತಿಯಲ್ಲೂ ಅಂಥವರು ಒಬ್ಬರಾದರೂ ಇದ್ದಾರೆಂದು ತಿಳಿದೇ ಬಡಿಸಬೇಕು.

ಆರೋಗ್ಯಕರ ಹಬ್ಬದಡುಗೆಯನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಕಾಳಿ ನದಿ ಕಡಲು ಸೇರುವಲ್ಲಿರುವ ದೇವಬಾಗದಿಂದ ಅಂಕೋಲೆಯವರೆಗಿನ ಕರಾವಳಿಯ ಅಡುಗೆಮನೆಗಳನ್ನೇ ನೋಡೋಣ. ಅಲ್ಲಿ ಹಬ್ಬದ ಸಿಹಿಯೆಲ್ಲವೂ ಕರಿದದ್ದಲ್ಲ. ಅಕ್ಕಿ ಹಿಟ್ಟನ್ನು ಅರಿಶಿನ ಎಲೆಗೆ ಸವರಿ, ಕಾಯಿ-ಬೆಲ್ಲದ ಹೂರಣವಿಟ್ಟು ಮಡಚಿ, ಹಬೆಯಲ್ಲಿ ಬೇಯಿಸುವ ಕಡುಬನ್ನು ಕೊಂಕಣಿ ಮನೆಗಳವರು ಪಾತೋಳಿ ಎನ್ನುತ್ತಾರೆ. ಕೆಸುವಿನ ಎಲೆಯ ಪತ್ರೊಡೆಗೂ ಹಬೆಯೇ ಸಾಕು. ಚೌತಿಗೆ ಹಲವು ತರಕಾರಿಗಳನ್ನು ಬೇಳೆ, ತೆಂಗಿನಕಾಯಿಯೊಡನೆ ಬೇಯಿಸಿ ಖತಖತೆ ಮಾಡುತ್ತಾರೆ. ಹಾಲಕ್ಕಿ ಒಕ್ಕಲಿಗ ಮಹಿಳೆಯರು ಪೇಟೆಗೆ ತರುವ ಹರಿವೆ, ಬೆಂಡೆ, ಸೌತೆಗಳೂ ಇದೇ ಊಟಕ್ಕೆ ಒದಗುತ್ತವೆ. ತಂಪು ಪಾನೀಯದ ಬಾಟಲಿಯ ಬದಲು ಸಕ್ಕರೆ ಹಾಕದ ಮುರುಗಲ ಹುಳಿಯ ಸಾರು ಊಟದ ಕೊನೆಗೆ ಹಿತವಾಗಿರುತ್ತದೆ.

ಆದರೆ ಬೆಲ್ಲದ ವಿಷಯದಲ್ಲಿ ಭ್ರಮೆ ಬೇಡ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸಕ್ಕರೆಯೇ. ಮಧುಮೇಹಿಗಳಿಗೆ ಅದು ಸುರಕ್ಷಿತವಲ್ಲ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರು ಸೇರಿಸಿದ ಸಕ್ಕರೆಯನ್ನು 50 ಗ್ರಾಂಗಿಂತ ಕಡಿಮೆ ಇಡಬೇಕು, 25 ಗ್ರಾಂಗೆ ಇಳಿಸಿದರೆ ಇನ್ನೂ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ. ಈ ಲೆಕ್ಕಕ್ಕೆ ಬೆಲ್ಲವೂ ಜೇನೂ ಸೇರುತ್ತವೆ. ಕಡುಬನ್ನು ಚಿಕ್ಕದಾಗಿ ಮಾಡಿ, ಹೂರಣದಲ್ಲಿ ಬೆಲ್ಲ ತಗ್ಗಿಸಿ, ಏಲಕ್ಕಿಯ ಪರಿಮಳ ಹೆಚ್ಚಿಸಿದರೆ ರುಚಿಗೆ ಕೊರತೆಯಾಗದು.

ಚಕ್ಕುಲಿ, ಕರಿಗಡುಬುಗಳನ್ನು ಪೂರ್ತಿ ಬಿಡಬೇಕೆಂದು ನಾವು ಹೇಳುವುದಿಲ್ಲ. ಆ ದಿನಕ್ಕೆ ಬೇಕಾದಷ್ಟೇ ಕರಿಯಿರಿ. ಎಣ್ಣೆ ಸಾಕಷ್ಟು ಕಾಯದಿದ್ದರೆ ತಿಂಡಿ ಹೆಚ್ಚು ಜಿಡ್ಡು ಹೀರುತ್ತದೆ. ಹೊಗೆಯಾಡುವಷ್ಟು ಕಾದರೆ ಎಣ್ಣೆಯೇ ಕೆಡುತ್ತದೆ. ಕಪ್ಪಾದ, ನೊರೆ ಬರುವ, ಕಮಟು ವಾಸನೆಯ ಎಣ್ಣೆಯನ್ನು ಮತ್ತೆ ಬಳಸಬಾರದು.

ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಚಹಾ ಚಮಚ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮೂರೂ ಒಂದೇ ಎಲೆಗೆ ಬಂದರೆ ಈ ಮಿತಿ ಬೇಗ ದಾಟುತ್ತದೆ. ರಕ್ತದೊತ್ತಡ ಇರುವವರಿಗೆ ಮೂರರಲ್ಲಿ ಒಂದು ಸಾಕು.

ಉಪವಾಸದ ದಿನ ಇನ್ನೊಂದು ಎಚ್ಚರ ಬೇಕು. ಇನ್ಸುಲಿನ್ ಅಥವಾ ಮಧುಮೇಹದ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲಿಡುವುದು ಇದರ ಲಕ್ಷಣಗಳು. ಆಗ ಉಪವಾಸ ಮುರಿದು ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಅಂಥವರು ವೈದ್ಯರನ್ನು ಕೇಳಿಯೇ ವ್ರತ ಹಿಡಿಯುವುದು ಲೇಸು. ದೇಹವನ್ನು ದಂಡಿಸುವುದನ್ನು ಶರಣರು ಭಕ್ತಿಯೆಂದು ಎಣಿಸಲಿಲ್ಲ.

ದಾಸೋಹದಲ್ಲಿ ನೂರಾರು ಜನರಿಗೆ ಬಡಿಸುವ ಬಂಧುಗಳು ಇದನ್ನೂ ಗಮನಿಸಬೇಕು. ಬೆಂದ ಅನ್ನ, ಸಾರುಗಳನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಹೊತ್ತು ತಣ್ಣಗೆ ಇಡಬಾರದು, ಬಿಸಿಯಾಗಿಯೇ ಇಡಬೇಕು. ಕರಾವಳಿಯ ಸೆಕೆಗೆ ಕಾಯಿ ಅರೆದು ಹಾಕಿದ ಪದಾರ್ಥ ಬೇಗ ಹಳಸುತ್ತದೆ.

ಪಂಕ್ತಿಯಲ್ಲಿ ಮೊದಲು ಕೋಸಂಬರಿ, ಪಲ್ಯ ಬಡಿಸಿ, ಅನ್ನ ಮತ್ತು ಸಿಹಿಯನ್ನು ಆಮೇಲೆ ತರೋಣ. ತರಕಾರಿ, ಕಾಳು ಮೊದಲು ಹೊಟ್ಟೆ ಸೇರಿದರೆ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಸಿಹಿಯನ್ನು ಅರ್ಧರ್ಧವಾಗಿ ಬಡಿಸಿ, ಬೇಕೆಂದವರಿಗೆ ಮತ್ತೆ ನೀಡೋಣ. ಬೇಡವೆಂದವರನ್ನು ಒತ್ತಾಯಿಸದಿರೋಣ. ಹೀಗೆ ಮಾಡಿದರೆ ಎಲೆಯಲ್ಲಿ ಪ್ರಸಾದ ಉಳಿಯದು, ಉಂಡವರ ಆರೋಗ್ಯವೂ ಕೆಡದು. ಈ ಹಬ್ಬದಿಂದಲೇ ಪ್ರತಿ ಮನೆಯಲ್ಲಿ ಕೇಳಿ ಬಡಿಸುವ ರೂಢಿ ಬೆಳೆಯಲಿ.