ಸೌರ ಇನ್ವರ್ಟರಿಗೆ ವೈಫೈ: ಬೆಳೆಗಾರರ ಮನೆಯ ಮಟ್ಟಿಗೆ ಕೆಲವು ವಿಚಾರಗಳು

ಬಿಸಿಲಿನ ಲೆಕ್ಕ ನಮಗೆ ಹೊಸದಲ್ಲ. ಕಣದಲ್ಲಿ ಹರಡಿದ ಕಾಫಿ ಎಷ್ಟು ಒಣಗಿದೆ, ಅಂಗಳದ ಅಡಿಕೆ ಇನ್ನೆಷ್ಟು ಬಿಸಿಲು ಬೇಡುತ್ತದೆ ಎಂಬುದನ್ನು ಬೆಳೆಗಾರರಾದ ನಾವು ಕೈಗೆತ್ತಿಕೊಂಡು ನೋಡಿಯೇ ಹೇಳಬಲ್ಲೆವು. ಆದರೆ ಈಚೆಗೆ ಮನೆಯ ಮಾಡಿನ ಮೇಲೆ ಬಂದು ಕುಳಿತಿರುವ ಸೌರ ಫಲಕಗಳು ಆ ಬಗೆಯವಲ್ಲ. ಅವು ದುಡಿಯುವಾಗಲೂ ಸದ್ದಿಲ್ಲ, ದುಡಿಯದಿರುವಾಗಲೂ ಸದ್ದಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಪಿಎಂ ಸೂರ್ಯಘರ್ ಯೋಜನೆ ಆರಂಭಿಸಿ, 3 ಕಿಲೋವ್ಯಾಟಿನ ಘಟಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ ಮೇಲೆ ನಮ್ಮ ಸದಸ್ಯರಲ್ಲಿಯೂ ಹಲವರು ಇದಕ್ಕೆ ಕೈಹಾಕಿದ್ದಾರೆ. ಫಲಕ, ಇನ್ವರ್ಟರು, ಮೀಟರು ಎಲ್ಲವೂ ಬಂದಿವೆ. ಇನ್ವರ್ಟರಿನ ತಳಕ್ಕೆ ಸಿಕ್ಕಿಸಿದ ಚಿಕ್ಕ ವೈಫೈ ಡಾಂಗಲ್ ಮಾತ್ರ ಅನೇಕ ಮನೆಗಳಲ್ಲಿ ಕೆಲಸವಿಲ್ಲದೆ ಕುಳಿತಿದೆ.

"ಅದೆಲ್ಲ ಪೇಟೆಯವರ ಶೋಕಿ, ತೋಟದ ಮನೆಗೆ ಯಾಕೆ?" ಎಂದು ಹಿರಿಯ ಸದಸ್ಯರೊಬ್ಬರು ಸಂಘದ ಜಗಲಿಯಲ್ಲಿ ಕೇಳಿದ್ದುಂಟು. ಇನ್ನೊಬ್ಬ ಸದಸ್ಯರ ಮನೆಯಲ್ಲಿ ನಡೆದುದನ್ನು ಹೇಳಿದರೆ ಉತ್ತರ ಸಿಕ್ಕೀತು. ಫಲಕದಿಂದ ಇಳಿಯುವ ತಂತಿಯ ಜೋಡಣೆಯೊಳಗೆ ನೀರು ಸೇರಿದರೆ ವಿದ್ಯುತ್ತು ಭೂಮಿಗೆ ಸೋರುವ ಸಂಭವವಿರುತ್ತದೆ. ಇನ್ವರ್ಟರು ಪ್ರತಿ ಬೆಳಿಗ್ಗೆ ಕೆಲಸಕ್ಕೆ ತೊಡಗುವ ಮೊದಲು ಇದನ್ನು ಪರೀಕ್ಷಿಸಿಕೊಳ್ಳುತ್ತದೆ, ಸೋರಿಕೆ ಕಂಡರೆ ಚಾಲೂ ಆಗುವುದೇ ಇಲ್ಲ. ಮಳೆಗಾಲದಲ್ಲಿ ಅವರ ಮನೆಯಲ್ಲಿ ಆದದ್ದು ಇಷ್ಟೇ. ಇನ್ವರ್ಟರು ಇದ್ದದ್ದು ಗೋದಾಮಿನ ಹಿಂಗೋಡೆಯಲ್ಲಿ. ಜಡಿಮಳೆಯಲ್ಲಿ ಅತ್ತ ಯಾರು ಹೋಗುತ್ತಾರೆ? ಸಂಗತಿ ಗೊತ್ತಾದದ್ದು ಎರಡನೆಯ ಬಿಲ್ಲು ಕೈಸೇರಿದ ಮೇಲೆ. ಡಾಂಗಲ್ ವೈಫೈಗೆ ಸೇರಿದ್ದರೆ ಮೊದಲ ದಿನವೇ ಮೊಬೈಲಿನಲ್ಲಿ ಸೊನ್ನೆ ಕಾಣುತ್ತಿತ್ತು.

ಇಲ್ಲೊಂದು ಸ್ಪಷ್ಟನೆ ಅಗತ್ಯ. ನಮ್ಮಲ್ಲಿ ಇನ್ವರ್ಟರ್ ಎಂದರೆ ಕರೆಂಟು ಹೋದಾಗ ಬ್ಯಾಟರಿಯಿಂದ ದೀಪ ಉರಿಸುವ ಪೆಟ್ಟಿಗೆ. ನಾವು ಹೇಳುತ್ತಿರುವುದು ಅದನ್ನಲ್ಲ. ಫಲಕದ ಡಿಸಿ ವಿದ್ಯುತ್ತನ್ನು ಎಸಿಗೆ ತಿರುಗಿಸಿ, ಮನೆಗೆ ಬೇಕಾದಷ್ಟು ಕೊಟ್ಟು, ಮಿಕ್ಕಿದ್ದನ್ನು ಕಂಬದ ತಂತಿಗೆ ಬಿಡುವ ಯಂತ್ರ ಇದು. ಬ್ಯಾಟರಿಯಿಲ್ಲದ ಇಂಥ ಘಟಕವು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್ನನಿಗೆ ನಮ್ಮ ಮನೆಯ ವಿದ್ಯುತ್ತು ಹೊಡೆಯಬಾರದೆಂದೇ ಈ ಏರ್ಪಾಡು. ಆದ್ದರಿಂದ ಕರೆಂಟು ಹೋದ ವೇಳೆಯಲ್ಲಿ ಮೊಬೈಲಿನಲ್ಲಿ ಸೊನ್ನೆ ಕಂಡರೆ ಗಾಬರಿಗೆ ಕಾರಣವಿಲ್ಲ.

ಇನ್ನು ಜೋಡಿಸುವ ಕ್ರಮ. ಕಂಪನಿಯಿಂದ ಕಂಪನಿಗೆ ತುಸು ವ್ಯತ್ಯಾಸವಿದ್ದರೂ ಮೂಲ ಒಂದೇ. ಡಾಂಗಲ್ಲಿಗೆ ವಿದ್ಯುತ್ತು ಇನ್ವರ್ಟರಿನಿಂದಲೇ ಸಿಗುವುದರಿಂದ ಕೆಲಸವನ್ನು ಹಗಲಿನಲ್ಲೇ ಮಾಡುವುದು ಲೇಸು. ಮೊದಲು ಕಂಪನಿಯ ಆಪ್ ಇಳಿಸಿಕೊಂಡು ಖಾತೆ ತೆರೆಯಬೇಕು. ಹೊಸ ಡಾಂಗಲ್ ತನ್ನದೇ ಒಂದು ಪುಟ್ಟ ವೈಫೈ ಜಾಲ ಹರಡಿಕೊಂಡಿರುತ್ತದೆ. ಆ ಜಾಲದ ಹೆಸರಿನಲ್ಲಿ ಸಾಮಾನ್ಯವಾಗಿ ಡಾಂಗಲ್ಲಿನ ಕ್ರಮಸಂಖ್ಯೆ ಇರುತ್ತದೆ. ಮೊಬೈಲಿನ ಲೊಕೇಶನ್ ಹಾಕಿ, ಮೊಬೈಲ್ ಡೇಟಾ ಆರಿಸಿ, ಆ ಜಾಲಕ್ಕೆ ಸೇರಬೇಕು. ಇದರಲ್ಲಿ ಇಂಟರ್ನೆಟ್ ಇಲ್ಲವೆಂದು ಮೊಬೈಲು ತಕರಾರು ಮಾಡುತ್ತದೆ. ಮಾಡಲಿ, ಅಲ್ಲಿಂದ ಹೊರಬರಬಾರದು. ಆಪಿನಲ್ಲಿ ಮನೆಯ ವೈಫೈಯ ಹೆಸರು ಆರಿಸಿ ಪಾಸ್‌ವರ್ಡ್ ಕೊಟ್ಟರೆ, ಒಂದೆರಡು ನಿಮಿಷದಲ್ಲಿ ಡಾಂಗಲ್ ರೂಟರಿಗೆ ಸೇರಿಕೊಳ್ಳುತ್ತದೆ. ಬಹುತೇಕ ಡಾಂಗಲ್‌ಗಳು ಆ ಮೇಲೆ 5 ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತವೆ.

ಹೇಳುವುದಕ್ಕೆ ಇಷ್ಟು ಸುಲಭವಾದರೂ ನಮ್ಮವರು ಸೋಲುವುದು ಬಹುಮಟ್ಟಿಗೆ ಒಂದೇ ಕಡೆ. ಈಗಿನ ರೂಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ವೈಫೈ ಕೊಡುತ್ತವೆ. ಹೆಚ್ಚಿನ ಡಾಂಗಲ್‌ಗಳಿಗೆ ತಿಳಿಯುವುದು 2.4 ಮಾತ್ರ. ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಮೊಬೈಲು 5ರಲ್ಲಿ ಕುಳಿತಿರುತ್ತದೆ, ಡಾಂಗಲ್ ದಾರಿ ಕಾಣದೆ ಒದ್ದಾಡುತ್ತದೆ. ಇಂಟರ್ನೆಟ್ ಹಾಕಿಕೊಟ್ಟವರಿಗೆ ಹೇಳಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿಸಿದರೆ ಆಯಿತು. 2.4 ತರಂಗವು ಗೋಡೆ ದಾಟುವುದರಲ್ಲೂ ಮೇಲು. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗೆ, ಮುರಕಲ್ಲಿನ ಗೋಡೆಗೆ ಅದೇ ಸರಿ. ತಗಡಿನ ಮುಂದೆ ಮಾತ್ರ ಎರಡೂ ಸೋಲುತ್ತವೆ. ತಗಡಿನ ಗೋಡೆಯ ಗೋದಾಮಿನೊಳಗೆ ಇನ್ವರ್ಟರು ಇಟ್ಟವರು ಇದನ್ನು ನೆನಪಿಡಬೇಕು.

ರೂಟರು ದೂರವಿದ್ದರೆ ನಡುವೆ ಒಂದು ರಿಪೀಟರ್ ಇಡುವುದು ಅಗ್ಗದ ಉಪಾಯ. ಲ್ಯಾನ್ ಕೇಬಲ್ 100 ಮೀಟರಿನವರೆಗೆ ಎಳೆಯಬಹುದೆಂದು ಅಂಗಡಿಯವರು ಹೇಳುವುದು ನಿಜವೇ. ಆದರೆ ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲು ಬಲ್ಲ ನಮ್ಮ ಸೀಮೆಯಲ್ಲಿ ತೆರೆದ ಅಂಗಳ ದಾಟಿಸಿ ತಾಮ್ರದ ತಂತಿ ಎಳೆಯುವುದನ್ನು ನಾವು ಮೆಚ್ಚುವುದಿಲ್ಲ. ಸಿಡಿಲಿಗೆ ದಾರಿ ತೋರಿಸಿಕೊಟ್ಟಂತೆ ಆದೀತು. ವೈಫೈ ಏನು ಮಾಡಿದರೂ ಮುಟ್ಟದ ಕಡೆಗೆ ಸಿಮ್ ಹಾಕುವ ಡಾಂಗಲ್ ಕೊಡುವ ಕಂಪನಿಗಳೂ ಇವೆ. ಯಾವ ಕಂಪನಿಯ ಸಿಗ್ನಲ್ ಆ ಗೋಡೆಯ ಬಳಿ ಸಿಗುತ್ತದೆ ಎಂದು ಮೊಬೈಲು ಹಿಡಿದು ನೋಡಿಯೇ ಕೊಳ್ಳುವುದು ಒಳ್ಳೆಯದು.

ರೂಟರನ್ನು ಬ್ಯಾಟರಿಯ ಇನ್ವರ್ಟರಿಗೆ ಕೊಟ್ಟಿದ್ದರೆ ಉತ್ತಮ. ಇನ್ನೊಂದು ಸಣ್ಣ ಸಂಗತಿ: ರೂಟರು ಕೆಟ್ಟು ಹೊಸದು ಬಂದಾಗ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅದಕ್ಕೇ ಇಡಿಸಿದರೆ, ಡಾಂಗಲ್ ತಾನಾಗಿ ಸೇರಿಕೊಳ್ಳುತ್ತದೆ. ಮತ್ತೆ ಏಣಿ ಹತ್ತಬೇಕಿಲ್ಲ.

ಇವೆಲ್ಲಕ್ಕಿಂತ ಮುಖ್ಯವೆಂದು ನಾವು ತಿಳಿದಿರುವುದು ಖಾತೆಯ ವಿಚಾರ. ಘಟಕ ಅಳವಡಿಸಿದವರು ತಮ್ಮ ಇಮೇಲ್, ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು ಖಾತೆ ತೆರೆದು, "ಆಯ್ತು ಸಾರ್, ಬರ್ತಿದೆ" ಎಂದು ತೋರಿಸಿ ಹೋಗುವುದುಂಟು. ಎರಡು ವರ್ಷದಲ್ಲಿ ಅವರು ಅಂಗಡಿ ಮುಚ್ಚಿದರೆ ಅಥವಾ ಹುಡುಗ ಬೇರೆ ಕೆಲಸಕ್ಕೆ ಹೋದರೆ ನಮ್ಮ ಮಾಡಿನ ಲೆಕ್ಕದ ಬೀಗದಕೈ ಅವನೊಂದಿಗೇ ಹೋಯಿತು. ಅಳವಡಿಸುವವರ ಖಾತೆಯಿಂದ ಲೆಕ್ಕ ನೋಡುವುದಷ್ಟೇ ಅಲ್ಲ, ಕೆಲವು ಇನ್ವರ್ಟರುಗಳ ಸೆಟ್ಟಿಂಗನ್ನೇ ದೂರದಿಂದ ಬದಲಿಸಲೂ ಬರುತ್ತದೆ. ಪಹಣಿ ಬೇರೆಯವರ ಹೆಸರಿನಲ್ಲಿರಲು ಬಿಡುತ್ತೇವೆಯೆ? ಆದ್ದರಿಂದ ಕೊನೆಯ ಕಂತು ಕೊಡುವ ಮೊದಲೇ ಖಾತೆ ಮನೆಯವರ ಹೆಸರಿನಲ್ಲಿರುವಂತೆ ಮಾಡಿಸಿ, ಅವರಿಗೆ ದುರಸ್ತಿಗೆ ಬೇಕಾದಷ್ಟು ಅನುಮತಿ ಮಾತ್ರ ಉಳಿಸಬೇಕು. ಡಾಂಗಲ್ಲಿನ ಮೇಲಿನ ಕ್ರಮಸಂಖ್ಯೆಯ ಚೀಟಿ ಮಳೆಯ ತೇವಕ್ಕೆ ಮಾಸಿಹೋಗುತ್ತದೆ. ಮೊದಲೇ ಒಂದು ಫೋಟೋ ತೆಗೆದು, ವಿದ್ಯುತ್ ಬಿಲ್ಲಿನ ಕಡತದಲ್ಲೂ ಬರೆದಿಡಿ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳಿಗೆ ನೋಡುವ ಅನುಮತಿ ಕೊಟ್ಟರೆ ಅನುಕೂಲವೇ. ತೋಟದಲ್ಲಿ ಇಬ್ಬರೇ ಇರುವ ವೃದ್ಧ ದಂಪತಿಗಳ ಮನೆಯಲ್ಲಿ ಫಲಕ ನಿಂತ ಸುದ್ದಿ ಎಷ್ಟೋ ಸಲ ಮೊದಲು ತಿಳಿಯುವುದು ದೂರದ ಮಗಳಿಗೆ.

ಸಂಪರ್ಕವಾದ ಮೇಲೆ ನೋಡುವುದೇನು? ನಿರ್ಮಲವಾದ ದಿನದ ರೇಖೆ ಬೋಳುಗುಡ್ಡದಂತೆ ಏರಿ ಇಳಿಯುತ್ತದೆ. 1 ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಎಂದು ಲೆಕ್ಕ ಹಿಡಿಯಬಹುದು. ಆಟಿಯ ಮಳೆಯಲ್ಲಿ ಅದು ಬಹಳ ಕೆಳಗಿಳಿದರೂ ದೋಷವಲ್ಲ. ಪ್ರತಿದಿನವೂ ಒಂದೇ ಹೊತ್ತಿಗೆ ಗುಡ್ಡ ಕುಸಿದಂತೆ ಕಂಡರೆ ಅದು ನೆರಳು. ಸಿಲ್ವರ್ ಓಕಿನ ಕೊಂಬೆ ಸವರುವ ಕಾಲ ಬಂದಿದೆ ಎಂದರ್ಥ. ಇದ್ದಕ್ಕಿದ್ದಂತೆ ಇಳಿದರೆ ಮಾಡಿನ ಮೇಲೆ ಅಡಿಕೆ ಹಾಳೆ ಬಿದ್ದಿದೆಯೇ ನೋಡಿ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿದ ಬಳಿಕ ಮನೆಯತ್ತ ಗಾಳಿ ಬೀಸಿದ್ದರೆ ಸುಣ್ಣ, ಮೈಲುತುತ್ತದ ಪದರ ಫಲಕದ ಮೇಲೆ ಒಣಗಿ ಕುಳಿತಿರಬಹುದು. ಅದನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲಿ ನೀರು ಹಾಕಿ ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ನಡುಮಧ್ಯಾಹ್ನ ಒಳ್ಳೆಯ ಬಿಸಿಲಿನಲ್ಲಿ ಪದೇ ಪದೇ ನಿಂತು ಚಾಲೂ ಆಗುತ್ತಿದ್ದರೆ ಆಪಿನಲ್ಲಿ ವೋಲ್ಟೇಜು ನೋಡಿ. 230 ಇರಬೇಕಾದದ್ದು 253 ದಾಟಿದರೆ ಇನ್ವರ್ಟರು ಕೈಬಿಡುತ್ತದೆ. ಅಂಥ ದೂರಿಗೆ ಬಾಯಿಮಾತಿಗಿಂತ, ವಾರದ ರೇಖೆಯ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಕೊಡುವುದು ಪರಿಣಾಮಕಾರಿ.

ಜೋಡಣೆಯಲ್ಲಿ ತೊಡಕಿರುವ ಸದಸ್ಯ ಬಂಧುಗಳು ಡಾಂಗಲ್ಲಿನ ಫೋಟೋ, ರೂಟರಿನ ಮಾದರಿಯ ಹೆಸರು ಮತ್ತು ಕಳೆದ ಎರಡು ತಿಂಗಳ ಬಿಲ್ಲಿನೊಂದಿಗೆ ಕೆಲಸದ ದಿನಗಳಲ್ಲಿ ಸಂಘದ ಕಚೇರಿಗೆ ಬರಬಹುದು. ಪಾಸ್‌ವರ್ಡನ್ನು ಬರೆದು ತರುವುದು ಬೇಡ.